ಪಡಿಯರನ ಸುಳ್ಳುಕೂಗು

ಮಡಿಕೇರಿಯ ಮಳೆಗಾಲವು ಓಲೆಗರಿಗೂ ತಾಮ್ರದ ತಂತಿಗೂ ಭೇದವೆಣಿಸದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಊರಿದು. ತೇವಕ್ಕೆ ಅಂಜಿದ ಮಲೆನಾಡಿನ ಹಿರಿಯರು ತಾಡೋಲೆಯ ಕಟ್ಟುಗಳನ್ನು ಒಲೆಯ ಹೊಗೆ ತಾಗುವ ಅಟ್ಟದಲ್ಲಿರಿಸುತ್ತಿದ್ದರು. ಹದಿನೆಂಟು ಮಳೆಗಾಲಗಳನ್ನು ಅಂಗಳದಲ್ಲೇ ಕಳೆದ ನನ್ನ ಕಾರಿಗೆ ಅಂತಹ ಅಟ್ಟವೊಂದು ಒದಗಲಿಲ್ಲ. ಕಳೆದ ಕಕ್ಕಡದಲ್ಲಿ, ಮದ್ದುಸೊಪ್ಪಿನ ಪಾಯಸದ ದಿನ ಕಳೆದು ಎರಡು ದಿನವಾಗಿತ್ತಷ್ಟೆ, ನಡುರಾತ್ರಿಯಲ್ಲಿ ಅದು ತಾನೇ ತಾನಾಗಿ ಕೂಗತೊಡಗಿತು. ಬಾಗಿಲುಗಳೆಲ್ಲ ಭದ್ರವಾಗಿದ್ದವು, ಸುತ್ತ ಯಾರೂ ಇರಲಿಲ್ಲ.

ಹಳೆಯ ಕಾರುಗಳಲ್ಲಿ ಪ್ರತಿ ಬಾಗಿಲಿನ ಕಂಬಕ್ಕೂ ರಬ್ಬರಿನ ಟೊಪ್ಪಿಗೆ ತೊಟ್ಟ ಪುಟ್ಟ ಸ್ವಿಚ್ಚೊಂದಿರುತ್ತದೆ. ಬಾಗಿಲು ಮುಚ್ಚಿದಾಗ ಅದರ ಮೊಳೆ ಒಳಗೊತ್ತಿಕೊಂಡು ವಿದ್ಯುತ್ತಿನ ದಾರಿ ತುಂಡಾಗುತ್ತದೆ. ತೆರೆದಾಗ ಮೊಳೆ ಹೊರಚಾಚಿ, ತಂತಿಯು ಕಾರಿನ ಲೋಹದ ಮೈಗೆ ಕೂಡಿಕೊಂಡು ಒಳಗಿನ ದೀಪ ಬೆಳಗುತ್ತದೆ. ಅಲಾರಾಂ ಪೆಟ್ಟಿಗೆ ನಂಬುವುದೂ ಇದೇ ತಂತಿಯನ್ನು. ನಮ್ಮ ಹಳಗನ್ನಡದಲ್ಲಿ ಬಾಗಿಲು ಕಾಯುವವನಿಗೆ 'ಪಡಿಯರ' ಎಂಬ ಮಾತಿದೆ. ಸಂಸ್ಕೃತದ 'ಪ್ರತಿಹಾರ'ದ ತದ್ಭವ. ಈ ಸ್ವಿಚ್ಚಿಗೆ ಅದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆಯದು.

ನಿದ್ದೆಗೆಟ್ಟದ್ದು ದೊಡ್ಡ ಮಾತಲ್ಲ. ಆದರೆ ಕೊಡಗಿನಲ್ಲಿ ಸದ್ದಿಗೊಂದು ವ್ಯಾಕರಣವಿದೆ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಗುಡ್ಡದಾಚೆ ಕೇಳಿದವನೂ ಅದರ ಅರ್ಥವನ್ನು ಸಂಶಯಿಸಬೇಕಾಗಿರಲಿಲ್ಲ. ನಮ್ಮ ನೆರೆಮನೆಯವರು 2018ರ ಆಗಸ್ಟಿನ ಭೂಕುಸಿತದ ಬಳಿಕ ಮಕ್ಕಂದೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಮಳೆಗಾಲ ಮುಗಿಯುವ ತನಕ ಕಾಗದಪತ್ರಗಳ ಚೀಲವನ್ನು ಬಾಗಿಲ ಬಳಿಯಲ್ಲೇ ಇಟ್ಟುಕೊಳ್ಳುತ್ತಾರೆ. ಮೊದಲ ರಾತ್ರಿ ಆ ಚೀಲ ಹಿಡಿದು, ಟಾರ್ಚಿನೊಡನೆ ಮನೆಮಂದಿಯೆಲ್ಲ ಅಂಗಳಕ್ಕೆ ಬಂದರು. ಎರಡನೆಯ ರಾತ್ರಿ ಮಗನೊಬ್ಬನೇ ಬಂದ. ಮೂರನೆಯ ರಾತ್ರಿ ಯಾರೂ ಬರಲಿಲ್ಲ. ಬೆಳಗ್ಗೆ ಆ ಮನೆಯ ಅಜ್ಜಿ ನನ್ನನ್ನು ಸಮಾಧಾನಪಡಿಸಲೆಂದೇ, "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ಈಗ ಅದು ಕೂಗಿದ್ರೆ ನಾವು ಏಳೋದೇ ಇಲ್ಲ" ಎಂದರು. ನನ್ನನ್ನು ಕಂಗೆಡಿಸಿದ್ದು ಆ ಸಮಾಧಾನವೇ.

ಫ್ಯೂಸು ಕಿತ್ತೊಗೆಯಿರೆಂದು ಸಹೋದ್ಯೋಗಿಗಳು ಸಲಹೆಯಿತ್ತರು. ಅರ್ಥವಾಗದ ಪದ್ಯವನ್ನು ಪ್ರಕ್ಷಿಪ್ತವೆಂದು ಕೈಬಿಡುವ ಸಂಪಾದಕರೂ ಉಂಟಷ್ಟೆ. ಅಂದಿನಿಂದ ರಾತ್ರಿ ಬರಿಯ ಕೀಲಿಯಿಂದ ಬೀಗ ಹಾಕಿ, ಶನಿವಾರ ಮೆಕ್ಯಾನಿಕ್ಕನ ಬಳಿಗೆ ಒಯ್ದೆ.

ಆತ ಕೈಗೊಂಡ ಕ್ರಮವು ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ವರ್ಷವರ್ಷವೂ ಪಾಠಹೇಳುವ ನನಗೆ ಅಪರಿಚಿತವೆನಿಸಲಿಲ್ಲ. ನಾಲ್ಕು ಬಾಗಿಲು, ಹಿಂಬದಿಯ ಡಿಕ್ಕಿ, ಮುಂದಿನ ಬಾನೆಟ್ಟು: ಆರು ಸಾಕ್ಷಿಗಳು. ಆರರ ಹೇಳಿಕೆಯೂ ಒಂದೇ ತಂತಿಯಲ್ಲಿ ಬೆರೆತು ಬರುವುದರಿಂದ ಸುಳ್ಳಾಡಿದ್ದು ಯಾವುದೆಂದು ಅಲಾರಾಂ ಪೆಟ್ಟಿಗೆಗೆ ತಿಳಿಯದು. ಬ್ಯಾಟರಿ ಸೊರಗಿದರೂ ಹೀಗಾಗುವುದುಂಟು. ಆದರೆ ಮೀಟರು 12.6 ವೋಲ್ಟ್ ತೋರಿದ್ದರಿಂದ ಆ ಸಂಶಯ ಅಲ್ಲಿಗೇ ನಿಂತಿತು. "ಒಳಗಿನ ದೀಪ ಉರಿಯುತ್ತಿಲ್ಲವಲ್ಲ, ಹಾಗಾದರೆ ಬಾಗಿಲುಗಳು ಸರಿಯಿವೆ" ಎಂದೆ. ಆತ ಒಪ್ಪಲಿಲ್ಲ. "ದೀಪ ಉರೀಬೇಕಾದ್ರೆ ಕರೆಂಟು ಜಾಸ್ತಿ ಬೇಕು ಸಾರ್. ಅಲಾರಮ್ಮಿಗೆ ಒಂಚೂರು ಲೀಕಾದ್ರೂ ಸಾಕು." ಒಂದೇ ತಂತಿಯನ್ನು ಇಬ್ಬರು ಓದುಗರು ಬೇರೆಬೇರೆಯಾಗಿ ಓದುತ್ತಿದ್ದರು, ದೀಪ ಕಾಣದ ಸೂಕ್ಷ್ಮವನ್ನು ಸೈರನ್ನು ಕಾಣುತ್ತಿತ್ತು. ಹಾಗೆಂದ ಮಾತ್ರಕ್ಕೆ ಸೂಕ್ಷ್ಮಗ್ರಾಹಿಯಾದ ಓದೇ ಸರಿಯಾದ ಓದೆಂದಾಗಲಿಲ್ಲ.

ಬಿಸಿಲಿನಲ್ಲಿ ನಿಂತ ಕಾರು ಯಾವ ದೋಷವನ್ನೂ ತೋರಲೊಲ್ಲದು. ಆತ ಬಾಟಲಿಯಿಂದ ಪ್ರತಿ ಸ್ವಿಚ್ಚಿಗೂ ನೀರು ಚಿಮುಕಿಸಿದ. ಬಳಿಕ ಒಂದೊಂದರ ತಂತಿ ಬಿಡಿಸಿ ಮೀಟರು ಹಿಡಿದ. ಮೊಳೆ ಒಳಗೊತ್ತಿರುವಾಗ ವಿದ್ಯುತ್ತಿಗೆ ದಾರಿಯೇ ಇರಕೂಡದು. ಎಡಗಡೆಯ ಹಿಂಬಾಗಿಲಿನ ಸ್ವಿಚ್ಚಿನಲ್ಲಿ ಕೆಲವು ಸಾವಿರ ಓಮ್ ಕಾಣಿಸಿತು: ರಬ್ಬರು ಬಿರಿದು, ಒಳಹೊಕ್ಕ ತೇವ ಹಸಿರು ಕಿಲುಬಾಗಿ, ತಾನೇ ತೆಳ್ಳನೆಯ ದಾರಿ ನಿರ್ಮಿಸಿತ್ತು. ಅಷ್ಟಕ್ಕೇ ತೃಪ್ತಿಪಡುವ ಆತುರ ನನ್ನದು. ಆತನಾದರೋ ಉಳಿದವನ್ನೂ ನೋಡಿದ. ಬಾನೆಟ್ಟಿನ ಸ್ವಿಚ್ಚೂ ತುಕ್ಕಿನಿಂದ ಬಿಗಿದು, ಮುಚ್ಚಿದಾಗಲೂ ಪೂರ್ತಿ ಒಳಗಿಳಿಯುತ್ತಿರಲಿಲ್ಲ. ಒಂದು ದೋಷ ದೊರೆತೊಡನೆ ಶೋಧನೆಯನ್ನು ನಿಲ್ಲಿಸುವುದು ನಮ್ಮ ಸಂಶೋಧನ ಪ್ರಬಂಧಗಳಲ್ಲಿಯೂ ಅಪರೂಪವಲ್ಲ.

ದುರಸ್ತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ವಿಚ್ಚು ನಿಂತಿದ್ದುದು ಒಂದೇ ತಿರುಪಿನ ಮೇಲೆ. ಬಿಚ್ಚಿದ ತಂತಿ ಕಂಬದೊಳಕ್ಕೆ ಜಾರಿದರೆ ಹೊರತೆಗೆಯುವುದು ಕಷ್ಟವೆಂದು ಮೊದಲೇ ಅದಕ್ಕೊಂದು ದಾರ ಕಟ್ಟಿದ. ತಿರುಪು ಕೂರುವ ತಾವನ್ನು ಮರಳುಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಎರಡು ಹೊಸ ಸ್ವಿಚ್ಚುಗಳನ್ನು ಕೂರಿಸಿ, ಉಳಿದ ನಾಲ್ಕಕ್ಕೆ ಹೊಸ ರಬ್ಬರು ತೊಡಿಸಿದ. ಮತ್ತೆ ನೀರು ಚಿಮುಕಿಸಿ ಬೀಗ ಹಾಕಿ ಕಾದೆವು, ಕೂಗಲಿಲ್ಲ. ಆಗ ಕಿಟಕಿಯೊಳಗೆ ಕೈಯಿಳಿಸಿ ಒಳಗಿನಿಂದ ಬಾಗಿಲು ತೆರೆದ, ಕೂಗಿತು.

ಅಂದು ಸಂಜೆ ಅಜ್ಜಿಗೆ ಸಂಗತಿಯೆಲ್ಲ ತಿಳಿಸಿ, "ಇನ್ನು ಕೂಗಿದರೆ ದಯವಿಟ್ಟು ಏಳಿ" ಎಂದೆ. ಅವರು ಕಾರಿನತ್ತ ಒಮ್ಮೆ ನೋಡಿ, "ಒಂದು ಮಳೆಗಾಲ ಕಳೀಲಿ ಮೇಷ್ಟ್ರೇ, ನೋಡುವ" ಎಂದರು.