ಲೆಸ್ಟರ್‌ನಲ್ಲಿ ನನ್ನ ಸ್ಕೂಟರ್

"ಅಷ್ಟು ದೂರ ಹೋಗಿ ಸ್ಕೂಟರ್ ತಗೊಂಡೆಯಾ? ಅದು ಇಲ್ಲೇ ಇತ್ತಲ್ಲ!"

ಫೋನಿನಲ್ಲಿ ಉಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಎರಡನೆಯದು, "ಹೆಲ್ಮೆಟ್ ಒಳಗೆ ಸ್ಕಾರ್ಫ್ ನಿಲ್ಲುತ್ತದಾ?"

ಉಮ್ಮನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಪುತ್ತೂರಿನಲ್ಲಿ ಆರು ವರ್ಷ ಆಕ್ಟಿವಾ ಓಡಿಸಿದವಳು ನಾನು. ಮಗನನ್ನು ಮುಂದೆ ನಿಲ್ಲಿಸಿಕೊಂಡು, ಕೊಕ್ಕೆಗೆ ಮೀನಿನ ಚೀಲ ತೂಗುಹಾಕಿಕೊಂಡು ಸಂತೆಗೆ ಹೋಗಿ ಬಂದವಳು. ಲೈಸೆನ್ಸ್ ಇತ್ತು. ಇನ್ಶೂರೆನ್ಸ್ ಮನೆಯವರು ಕಟ್ಟುತ್ತಿದ್ದರು. ಅದರ ಕಾಗದ ಯಾವ ಕಪಾಟಿನಲ್ಲಿದೆ ಎಂದು ನಾನು ಒಮ್ಮೆಯೂ ಕೇಳಿದವಳಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಕೇರ್ ವರ್ಕರ್ ವೀಸಾದಲ್ಲಿ ಬ್ರಿಟನ್ನಿನ ಲೆಸ್ಟರ್ ನಗರಕ್ಕೆ ಬಂದೆ. ಮನೆಯವರು, ಮಗ ಜೊತೆಗೆ ಬಂದರು. ಆಗ ಕುಟುಂಬವನ್ನು ಕರೆತರಲು ಅವಕಾಶವಿತ್ತು. 2024ರ ಮಾರ್ಚ್‌ನಲ್ಲಿ ಕೇರ್ ವರ್ಕರ್‌ಗಳಿಗೆ ಅದು ನಿಂತಿತು. 2025ರ ಜುಲೈಯಲ್ಲಿ ಹೊರದೇಶದಿಂದ ಹೊಸಬರನ್ನು ಆ ಕೆಲಸಕ್ಕೆ ಕರೆಸುವುದೇ ನಿಂತಿತು. ಊರಿನಲ್ಲಿ ಈಗಲೂ ಯಾರಾದರೂ ಆ ವೀಸಾ ಕೊಡಿಸುತ್ತೇನೆಂದು ಹಣ ಕೇಳಿದರೆ ದಯವಿಟ್ಟು ಕೊಡಬೇಡಿ.

ನನ್ನ ಕೆಲಸ ವೃದ್ಧರ ಮನೆಗಳಿಗೆ ಹೋಗಿ ಅವರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು. ಬೆಳಿಗ್ಗೆ ಏಳಕ್ಕೆ ಮೊದಲ ಮನೆ, ಮಧ್ಯಾಹ್ನದೊಳಗೆ ಐದು ಮನೆ. ಮೊದಲ ವರ್ಷ ಬಸ್ಸಿನಲ್ಲೇ ಓಡಾಡಿದೆ. ಒಂದು ಭಾನುವಾರ ಬಸ್ಸು ತಪ್ಪಿ ನಲವತ್ತು ನಿಮಿಷ ತಡವಾಯಿತು. ನಾನು ಹೋಗುವಾಗ ಎಂಬತ್ತೆಂಟರ ಆ ಅಜ್ಜಿ ಒದ್ದೆಯಾದ ಹಾಸಿಗೆಯಲ್ಲೇ ಮಲಗಿದ್ದರು. ಬೈಯಲಿಲ್ಲ, "ಮಳೆ ಇತ್ತಾ?" ಎಂದು ಕೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ಅಂದು ರಾತ್ರಿಯೇ ಗಾಡಿ ಬೇಕೆಂದು ತೀರ್ಮಾನಿಸಿದೆವು.

ಕಾರಿನ ಇನ್ಶೂರೆನ್ಸ್ ವಿಚಾರಿಸಿದರೆ ಅದು ಹಳೆಯ ಕಾರಿನ ಬೆಲೆಗಿಂತ ಹೆಚ್ಚಾಗುತ್ತಿತ್ತು. ಹಾಗಾಗಿ ಸ್ಕೂಟರ್. ಇಲ್ಲಿಯ ಕಾನೂನಿನಲ್ಲಿ ಸ್ಕೂಟರ್ ಕೂಡಾ ಮೋಟಾರ್ ಸೈಕಲ್ಲೇ.

ಪರಿಚಯದ ಒಬ್ಬರು ಧೈರ್ಯ ತುಂಬಿದರು. "ಇಂಡಿಯನ್ ಲೈಸೆನ್ಸಿನಲ್ಲಿ ಒಂದು ವರ್ಷ ಓಡಿಸಬಹುದು. ಗಾಡಿ ಕೊಂಡ ದಿನದಿಂದ ಲೆಕ್ಕ." ನಾನು ನಂಬಿದೆ. ಆದರೆ ಇನ್ಶೂರೆನ್ಸ್ ಫಾರ್ಮ್ ತುಂಬುವಾಗ ಈ ದೇಶದಲ್ಲಿ ಎಂದಿನಿಂದ ವಾಸವಾಗಿದ್ದೀರಿ ಎಂಬ ಪ್ರಶ್ನೆ ಬಂತು. ಏಕೋ ಸಂಶಯವಾಗಿ ಸರಕಾರದ ನಿಯಮವನ್ನು ತೆರೆದು ಎರಡು ಸಲ ಓದಿದೆ. ಒಂದು ವರ್ಷ ನಿಜ. ಆದರೆ ಲೆಕ್ಕ ಶುರುವಾಗುವುದು ಇಲ್ಲಿ ನೆಲೆಸಿದ ದಿನದಿಂದ. ಆಗ 2023ರ ಆಗಸ್ಟ್. ನನಗೆ ಉಳಿದಿದ್ದದ್ದು ಐದೇ ವಾರ! ಭಾರತದ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿ ಕೊಡುವುದೂ ಇಲ್ಲ. ಕಲಿಯುವವರ ಲೈಸೆನ್ಸಿನಿಂದ ಹೊಸದಾಗಿ ಶುರು ಮಾಡಬೇಕು. ಅಂದೇ ಅರ್ಜಿ ಹಾಕಿದೆ.

ಇನ್ನೊಂದು ಸಣ್ಣ ಪ್ರಶ್ನೆ ಇತ್ತು. ಗಾಡಿ ಯಾವುದಕ್ಕೆ? ಸ್ವಂತ ಓಡಾಟಕ್ಕೋ, ಒಂದೇ ಕೆಲಸದ ಜಾಗಕ್ಕೆ ಹೋಗಿ ಬರುವುದಕ್ಕೋ, ಅಥವಾ ಕೆಲಸದ ನಡುವೆ ಬೇರೆ ಬೇರೆ ಜಾಗಗಳಿಗೆ ಹೋಗುವುದಕ್ಕೋ? ಮನೆಯಿಂದ ಮನೆಗೆ ಹೋಗುವ ನಾನು ಮೂರನೆಯದಕ್ಕೆ ಸೇರಿದವಳು. ಅದಕ್ಕೆ ಹಣ ಹೆಚ್ಚು. "ಎರಡನೆಯದಕ್ಕೆ ಟಿಕ್ ಹಾಕು, ಯಾರು ನೋಡುತ್ತಾರೆ?" ಅಂದರು ಅದೇ ಪರಿಚಯದವರು. ಒಂದು ತಿಂಗಳ ದಿನಸಿ ಖರ್ಚಿನಷ್ಟು ವ್ಯತ್ಯಾಸವಿತ್ತು. ಸುಳ್ಳು ಹೇಳಬೇಕೆಂದು ಆಸೆಯಾಗಲಿಲ್ಲ ಎಂದರೆ ಅದೇ ಸುಳ್ಳಾದೀತು. ಆದರೆ ಯಾರಿಗಾದರೂ ಗಾಡಿ ತಾಗಿದರೆ ಆ ಟಿಕ್ಕನ್ನು ಖಂಡಿತ ನೋಡುತ್ತಾರೆ. ಸರಿಯಾದ ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿಗೆ ಆರು ಪಾಯಿಂಟ್. ಪೊಲೀಸರು ಗಾಡಿಯನ್ನೂ ಎತ್ತಿಕೊಂಡು ಹೋಗಬಹುದು. ನಂಬರ್ ಪ್ಲೇಟನ್ನು ಓದುವ ಕ್ಯಾಮೆರಾಗಳಿವೆ, ಗಾಡಿ ನಿಲ್ಲಿಸಿ ಕಾಗದ ಕೇಳಬೇಕೆಂದೇ ಇಲ್ಲ. ಮೂರನೆಯದಕ್ಕೇ ಟಿಕ್ ಹಾಕಿದೆ. ಆ ತಿಂಗಳು ಕೋಳಿ ಕಡಿಮೆ, ಪರಿಪ್ಪು ಜಾಸ್ತಿ.

ಗಾಡಿ ಸಿಕ್ಕಿದ್ದು ಪಟ್ಟಣದ ಹೊರಗೆ ಒಬ್ಬ ಬಿಳಿಯರ ಮನೆಯಲ್ಲಿ. ಹೋಂಡಾ ವಿಷನ್, 110 ಸಿಸಿ, 1,300 ಪೌಂಡ್. ನೋಡಲು ನಮ್ಮ ಆಕ್ಟಿವಾದ ತಂಗಿಯ ಹಾಗೆ. ಇಲ್ಲಿ ನನಗೆ ತುಂಬಾ ಹಿಡಿಸಿದ ಒಂದು ವ್ಯವಸ್ಥೆ ಇದೆ. ಮೂರು ವರ್ಷ ದಾಟಿದ ಪ್ರತಿ ಗಾಡಿಗೂ ವರ್ಷಕ್ಕೊಮ್ಮೆ ಎಂಓಟಿ ಎಂಬ ತಪಾಸಣೆ ಕಡ್ಡಾಯ. ಗಾಡಿಯ ನಂಬರ್ ಹಾಕಿದರೆ ಹಿಂದಿನ ತಪಾಸಣೆಗಳೆಲ್ಲಾ ಮೊಬೈಲಿನಲ್ಲಿ ಕಾಣುತ್ತವೆ. ಯಾವ ವರ್ಷ ಎಷ್ಟು ಮೈಲು ಓಡಿತ್ತು, ಯಾವ ಟಯರ್ ಸವೆದಿತ್ತು, ಎಲ್ಲವೂ. ಸಂಬಂಧ ನೋಡಲು ಹೋಗುವಾಗಲೂ ಇಂಥದ್ದೊಂದು ಇದ್ದಿದ್ದರೆ ಎಂದು ಮನೆಯವರಿಗೆ ಹೇಳಿದೆ. ಅವರು ನಗಲಿಲ್ಲ.

ಮಾರಿದವರು, "ತೆರಿಗೆ ಮಾರ್ಚ್‌ವರೆಗೆ ಕಟ್ಟಿದೆ, ಹಾಗೇ ಓಡಿಸಿಕೊಂಡು ಹೋಗಿ" ಎಂದರು. ಅವರು ಮೋಸ ಮಾಡಲು ಹೇಳಿದ್ದಲ್ಲ, ತಿಳಿಯದೆ ಹೇಳಿದ್ದು. 2014ರ ಅಕ್ಟೋಬರ್‌ನಿಂದ ಇಲ್ಲಿ ಗಾಡಿಯ ಜೊತೆ ತೆರಿಗೆ ಹೊಸಬರ ಕೈಗೆ ಬರುವುದಿಲ್ಲ. ಉಳಿದ ತಿಂಗಳ ಹಣ ಮಾರಿದವರಿಗೆ ವಾಪಸು ಹೋಗುತ್ತದೆ, ಕೊಂಡವರು ಹೊಸದಾಗಿ ಕಟ್ಟಬೇಕು. ಅವರ ಗೇಟಿನ ಮುಂದೆ ತುಂತುರು ಮಳೆಯಲ್ಲಿ ನಿಂತು ಮೊದಲು ಇನ್ಶೂರೆನ್ಸ್ ಶುರು ಮಾಡಿದೆ. ಆಮೇಲೆ ಅವರು ನೋಂದಣಿ ಪುಸ್ತಕದಿಂದ ಹರಿದು ಕೊಟ್ಟ ಹಸಿರು ಚೀಟಿಯ ಹನ್ನೆರಡು ಅಂಕಿಗಳನ್ನು ಹಾಕಿ ತೆರಿಗೆ ಕಟ್ಟಿದೆ. ವರ್ಷಕ್ಕೆ ಸುಮಾರು 25 ಪೌಂಡ್, ಅಷ್ಟೇ. ಅಷ್ಟು ಹೊತ್ತು ಆಯಿತೆಂದು ಅವರಿಗೆ ಕಿರಿಕಿರಿ. ಅವರ ಹೆಂಡತಿ ಮಾತ್ರ ಚಹಾ ತಂದುಕೊಟ್ಟು, "ಜಾಣೆ" ಎಂದರು.

ಐದು ವಾರ ಮಗ ಹಿಂದೆ ಕುಳಿತು ಶಾಲೆಗೆ ಹೋದ. ಅವನಿಗೊಂದು ನೀಲಿ ಹೆಲ್ಮೆಟ್ ತಂದಿದ್ದೆವು. ಆಮೇಲೆ ನನ್ನ ಒಂದು ವರ್ಷ ಮುಗಿಯಿತು. ಸಿಬಿಟಿ ಎಂಬ ಕಡ್ಡಾಯ ತರಬೇತಿ ಮುಗಿಸಿ, ಗಾಡಿಯ ಹಿಂದೆ ಮುಂದೆ ಕೆಂಪು 'ಎಲ್' ಅಂಟಿಸಿದೆ. ಎಲ್ ಇರುವ ಗಾಡಿಯಲ್ಲಿ ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಮೋಟಾರ್‌ವೇಗೆ ಹೋಗುವಂತಿಲ್ಲ.

"ನಿನ್ನೆ ತನಕ ಉಮ್ಮನಿಗೆ ಓಡಿಸಲು ಬರುತ್ತಿತ್ತು, ಇವತ್ತು ಬರುವುದಿಲ್ಲವಾ?" ಎಂದು ಒಂಬತ್ತು ವರ್ಷದ ಮಗ ಕೇಳಿದ. ಏನು ಉತ್ತರ ಕೊಡಲಿ! ಅವನು ಹೆಲ್ಮೆಟ್ ಹಾಕಿಕೊಂಡೇ ನಡೆದು ಶಾಲೆಗೆ ಹೋದ.

ಆದರೆ ಆ ತರಬೇತಿಯ ದಿನ ನನ್ನ ಅಹಂಕಾರ ಇಳಿಯಿತೆಂದು ಒಪ್ಪಿಕೊಳ್ಳುತ್ತೇನೆ. ಕೊನೆಯ ಎರಡು ಗಂಟೆ ರಸ್ತೆಯಲ್ಲಿ. ಕಿವಿಯಲ್ಲಿ ಶಿಕ್ಷಕರ ಧ್ವನಿ, "ಭುಜದ ಮೇಲಿನಿಂದ ಹಿಂದಕ್ಕೆ ನೋಡಿದೆಯಾ?" ಆರು ವರ್ಷದಲ್ಲಿ ನಾನು ಕನ್ನಡಿಯನ್ನು ನೋಡಿದ್ದೂ ಸ್ಕಾರ್ಫ್ ಸರಿಪಡಿಸಲು ಮಾತ್ರ. ಇನ್ನು ಹಾರ್ನ್. ನಮ್ಮಲ್ಲಿ ಹಾರ್ನ್ ಇಲ್ಲದೆ ಗಾಡಿ ಅಲುಗಾಡುವುದಿಲ್ಲ. ಇಲ್ಲಿ ಜನವಸತಿಯಲ್ಲಿ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರ ತನಕ ಹಾರ್ನ್ ಹೊಡೆಯುವುದೇ ಅಪರಾಧ. ಆರೂವರೆಗೆ ಹೊರಡುವ ನನ್ನ ಹೆಬ್ಬೆರಳು ಸುಮ್ಮನಿರಲು ಎರಡು ತಿಂಗಳು ಹಿಡಿಯಿತು.

ಉಮ್ಮನ ಎರಡನೇ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಹೆಲ್ಮೆಟ್ ಇಲ್ಲಿ 1973ರಿಂದ ಕಡ್ಡಾಯ. ಪೇಟ ಧರಿಸುವ ಸಿಖ್ಖರಿಗೆ 1976ರಲ್ಲಿ ವಿನಾಯಿತಿ ಸಿಕ್ಕಿದೆ, ಸ್ಕಾರ್ಫಿಗೆ ಇಲ್ಲ. ನನಗೆ ಬೇಕಾಗಿಯೂ ಇಲ್ಲ, ತಲೆ ಒಂದೇ ಇರುವುದು. ಪಿನ್ನು, ಗಂಟು ಏನೂ ಇಲ್ಲದ ತೆಳ್ಳಗಿನ ಹತ್ತಿಯ ಟೊಪ್ಪಿ ಒಳಗೆ ಹಾಕುತ್ತೇನೆ, ಕುತ್ತಿಗೆಗೆ ಬಟ್ಟೆಯ ಕೊಳವೆ. ಹೆಲ್ಮೆಟ್ ಅಂಗಡಿಗೂ ಅದೇ ಟೊಪ್ಪಿಯಲ್ಲಿ ಹೋಗಿ ಅಳತೆ ನೋಡಿದೆ. ಸ್ಕಾರ್ಫ್ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿರುತ್ತದೆ.

ಆ ಅಜ್ಜಿ ಮೊದಲ ದಿನವೇ ಹೆಲ್ಮೆಟನ್ನು ಮಡಿಲಲ್ಲಿ ಇಟ್ಟುಕೊಂಡು ಸವರಿದರು. ಮದುವೆಯಾದ ಹೊಸತರಲ್ಲಿ ಗಂಡನ ಬಿಎಸ್ಎ ಬೈಕಿನ ಸೈಡ್‌ಕಾರಿನಲ್ಲಿ ಕುಳಿತು ಸಮುದ್ರ ನೋಡಲು ಹೋಗಿದ್ದರಂತೆ. "ಆಗ ಹೆಲ್ಮೆಟ್ ಇರಲಿಲ್ಲ, ನಾನೂ ನಿನ್ನ ಹಾಗೆ ತಲೆಗೆ ಸ್ಕಾರ್ಫ್ ಕಟ್ಟುತ್ತಿದ್ದೆ" ಎಂದರು. ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಸಿಬಿಟಿಗೆ ಎರಡೇ ವರ್ಷ ಆಯುಸ್ಸು. ಅಷ್ಟರೊಳಗೆ ಪೂರ್ತಿ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಮತ್ತೆ ಸಿಬಿಟಿ. 50 ಪ್ರಶ್ನೆಗಳಲ್ಲಿ 43 ಸರಿ ಬೇಕು, ಅದು ಸುಲಭವಾಯಿತು. ವೀಡಿಯೋ ನೋಡುತ್ತಾ ಅಪಾಯ ಕಂಡಾಗ ಕ್ಲಿಕ್ ಮಾಡುವ ಪರೀಕ್ಷೆಯಲ್ಲಿ 75ಕ್ಕೆ 44 ಬೇಕು, ನನಗೆ ಬಂದದ್ದು 41. ನಮ್ಮೂರ ರಸ್ತೆಯಲ್ಲಿ ಬೆಳೆದವಳಿಗೆ ಎಲ್ಲವೂ ಅಪಾಯವಾಗಿಯೇ ಕಂಡಿತು, ಕ್ಲಿಕ್ ಮಾಡಿದ್ದೇ ಮಾಡಿದ್ದು. ಅತಿಯಾಗಿ ಒತ್ತಿದರೆ ಆ ವೀಡಿಯೋಗೆ ಸೊನ್ನೆ! ಎರಡನೇ ಸಲ ಪಾಸಾದೆ. ರಸ್ತೆ ಪರೀಕ್ಷೆಗೆ ಕನಿಷ್ಠ 120 ಸಿಸಿ ಗಾಡಿ ಬೇಕಾದ್ದರಿಂದ ನನ್ನ ವಿಷನ್ ಆಗಲಿಲ್ಲ, ತರಬೇತಿಯವರ 125 ಬಾಡಿಗೆಗೆ ಪಡೆದೆ. 2025ರ ಜುಲೈಯಲ್ಲಿ ಅದೂ ಮುಗಿಯಿತು.

ಸಂಜೆ ಮನೆಗೆ ಬಂದು ಎರಡೂ 'ಎಲ್'ಗಳನ್ನು ಉಗುರಿನಿಂದ ಕೆರೆದು ತೆಗೆದೆ. ಮಗ ಓಡಿಹೋಗಿ ಕಪಾಟಿನ ಮೇಲಿನಿಂದ ನೀಲಿ ಹೆಲ್ಮೆಟ್ ತಂದ. ಎರಡು ವರ್ಷದಲ್ಲಿ ಹುಡುಗ ಬೆಳೆದಿದ್ದ. ಎಷ್ಟು ಒತ್ತಿದರೂ ಅದು ಕಿವಿಯಿಂದ ಕೆಳಗೆ ಇಳಿಯಲಿಲ್ಲ. ಅಂಗಡಿ ಮುಚ್ಚಲು ಇನ್ನೂ ಅರ್ಧ ಗಂಟೆ ಇತ್ತು. ಅವನನ್ನು ಬಸ್ಸಿನಲ್ಲೇ ಕರೆದುಕೊಂಡು ಹೋದೆ.