ನಡುವಿನ ಶಾಲೆಗಳು

ವಿಜಯವಾಡ

ಪ್ರೀತಿಯ ತಮ್ಮನಿಗೆ,

ಈ ಊರಿನಲ್ಲಿ ಎತ್ತ ತಿರುಗಿದರೂ ರ‍್ಯಾಂಕ್ ಬಂದ ಮಕ್ಕಳ ಫಲಕಗಳೇ. ಪಾಸ್‌ಪೋರ್ಟ್ ಅಳತೆಯ ಮುಖ, ಅದರ ಕೆಳಗೆ ಮುಖಕ್ಕಿಂತ ದಪ್ಪ ಅಂಕಿ. ಶ್ರೀ ಚೈತನ್ಯ ಎಂಬ ಖಾಸಗಿ ಶಿಕ್ಷಣ ಸಂಸ್ಥೆ 1986ರಲ್ಲಿ ಹುಟ್ಟಿದ್ದು ಇಲ್ಲೇ, ಹೆಣ್ಣುಮಕ್ಕಳ ಜೂನಿಯರ್ ಕಾಲೇಜಾಗಿ. ಅದೂ ನೆಲ್ಲೂರಿನ ನಾರಾಯಣ ಸಂಸ್ಥೆಯೂ ಈಗ ಬೆಂಗಳೂರಿನಲ್ಲೂ ಬೇರುಬಿಟ್ಟಿವೆ. ಇನ್ನೊಂದು ಕಡೆ ಸರ್ಕಾರಿ ಶಾಲೆಗಳು. 2019ರ ನವೆಂಬರ್‌ನಲ್ಲಿ ಶುರುವಾದ ‘ನಾಡು–ನೇಡು’ ಯೋಜನೆ ಮೊದಲ ಹಂತಕ್ಕೇ 15,715 ಶಾಲೆಗಳನ್ನು ಆರಿಸಿಕೊಂಡು ನೀರಿರುವ ಶೌಚಾಲಯ, ಬೆಂಚು, ಹಸಿರು ಬೋರ್ಡು, ಕಾಂಪೌಂಡ್ ಕೊಡಲು ಹೊರಟಿತು. ಅದು ಒಳ್ಳೆಯ ಕೆಲಸ, ಸಂಶಯವಿಲ್ಲ. ಖಾಸಗಿಯೋ ಸರ್ಕಾರಿಯೋ ಎಂಬ ಈ ವಾದದಲ್ಲಿ ಯಾರ ಗಮನಕ್ಕೂ ಬಾರದೆ ಸೊರಗುತ್ತಿರುವುದು, ಆಡಳಿತ ಖಾಸಗಿಯವರದೂ ಶಿಕ್ಷಕರ ಸಂಬಳ ಸರ್ಕಾರದ್ದೂ ಆಗಿರುವ ಅನುದಾನಿತ ಶಾಲೆ. ನನ್ನ ಸಂಕಟ ಅದರದು.

ಅಮೆರಿಕದಲ್ಲಿ 1991ರಲ್ಲಿ ಮಿನ್ನೆಸೋಟ ರಾಜ್ಯ ಚಾರ್ಟರ್ ಶಾಲೆಗೆ ಕಾನೂನು ಮಾಡಿದಾಗ ಅದನ್ನು ಹೊಸ ಪ್ರಯೋಗ ಎಂದರು. ಸರ್ಕಾರದ ಹಣ, ಹೊರಗಿನವರ ಆಡಳಿತ. ನಮ್ಮಲ್ಲಿ ಇದಕ್ಕೆ ಹತ್ತಿರದ ಸಹಾಯಧನ ಪದ್ಧತಿಗೆ ಬ್ರಿಟಿಷ್ ಆಳ್ವಿಕೆಯ 1854ರ ವುಡ್ ಶಿಕ್ಷಣ ನಿರೂಪದಷ್ಟು ವಯಸ್ಸಾಗಿದೆ. ಆಂಧ್ರ ಸರ್ಕಾರ 2021ರಲ್ಲಿ ಅನುದಾನಿತ ಸಂಸ್ಥೆಗಳ ಮುಂದೆ ಆಯ್ಕೆ ಇಟ್ಟಿತು: ಆಸ್ತಿಸಮೇತ ಸರ್ಕಾರಕ್ಕೆ ಒಪ್ಪಿಸಿ, ಇಲ್ಲವೇ ಸರ್ಕಾರಿ ಸಂಬಳದ ಶಿಕ್ಷಕರನ್ನು ಬಿಟ್ಟುಕೊಟ್ಟು ಪೂರ್ತಿ ಖಾಸಗಿಯಾಗಿ. ವಿಶಾಖಪಟ್ಟಣದಲ್ಲಿ ತಂದೆತಾಯಂದಿರು ಬೀದಿಗಿಳಿದರು. ಮನೆ ಹತ್ತಿರದ ಶಾಲೆ ರಾತ್ರೋರಾತ್ರಿ ಶುಲ್ಕದ ಶಾಲೆಯಾದರೆ ಮಗುವನ್ನು ಎಲ್ಲಿಗೆ ಕಳಿಸುವುದು? ನವೆಂಬರ್‌ನಲ್ಲಿ ಸರ್ಕಾರ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು ಎಂದಿತು.

ಕೆಲವು ಆಡಳಿತ ಮಂಡಳಿಗಳು ಸರ್ಕಾರದ ಸಂಬಳ ತಿಂದು ಹಾಜರಿ ಪುಸ್ತಕದಲ್ಲಷ್ಟೇ ಮಕ್ಕಳನ್ನು ತೋರಿಸುತ್ತವೆ ಎನ್ನುತ್ತಾರೆ. ಅಂಥವು ಇದ್ದರೆ ತಪಾಸಣೆ ಮಾಡಿ ಅನುದಾನ ನಿಲ್ಲಿಸಲಿ. ಅಷ್ಟು ಅಧಿಕಾರ ಇಲಾಖೆಗೆ ಇದ್ದೇ ಇದೆ. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದೇಕೆ? ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಹಣವನ್ನು ತಾಯಿಯ ಕೈಗೇ ಕೊಡಿ, ಶಾಲೆಯನ್ನು ಅವಳೇ ಆರಿಸಲಿ. 2020ರ ‘ಅಮ್ಮ ಒಡಿ’ ವರ್ಷಕ್ಕೆ 15,000 ರೂಪಾಯಿ ಘೋಷಿಸಿದ್ದು ಹೀಗೇ, ಈಗಿನ ‘ತಲ್ಲಿಕಿ ವಂದನಂ’ ಕೂಡ ಅದೇ ದಾರಿಯದು. ಮಗು ಸರ್ಕಾರಿ ಶಾಲೆಯಲ್ಲಿರಲಿ, ಖಾಸಗಿಯಲ್ಲಿರಲಿ. ಬಡ ಮನೆಗೆ ಆ ಹಣ ದೊಡ್ಡದು, ಅದನ್ನು ಹಗುರವಾಗಿ ನೋಡಲಾರೆ. ಆದರೆ ಶುಲ್ಕ ಏರಿಸುವುದು ಶಾಲೆಯ ಕೈಯಲ್ಲಿ. ಏರಿದ ದಿನ ಕೌಂಟರಿನ ಮುಂದೆ ಆ ತಾಯಿ ಒಬ್ಬಂಟಿ. ಶಿಕ್ಷಕರ ಸಂಬಳವನ್ನೇ ಸರ್ಕಾರ ಕೊಡುವ ಶಾಲೆಯಲ್ಲಿ ಆ ಚೌಕಾಸಿಯೇ ಬೇಕಿಲ್ಲ.

ಅನುದಾನಿತ ಶಾಲೆಯನ್ನು ಮುಗಿಸಲು ಆದೇಶವೂ ಬೇಡ. ನಿವೃತ್ತರಾದ ಗಣಿತದ ಮೇಷ್ಟ್ರ ಜಾಗ ತುಂಬದೆ ಬಿಟ್ಟರೆ ಸಾಕು. ಮಂಡಳಿ ಕಡಿಮೆ ಸಂಬಳಕ್ಕೆ ಯಾರನ್ನೋ ತರುತ್ತದೆ, ಆ ಖರ್ಚು ‘ಅಭಿವೃದ್ಧಿ ನಿಧಿ’ ಎಂದು ಪೋಷಕರ ತಲೆಗೆ ಬರುತ್ತದೆ, ಕೊಡಲಾಗದವರು ಬಿಡುತ್ತಾರೆ. ಆಮೇಲೆ ಮಕ್ಕಳೇ ಇಲ್ಲವಲ್ಲ ಎಂಬ ಷರಾ. ನಮ್ಮ ಕರ್ನಾಟಕದಲ್ಲೂ 1995ರ ನಂತರ ಶುರುವಾದ ಖಾಸಗಿ ಕನ್ನಡ ಶಾಲೆಗಳು ಅನುದಾನಕ್ಕಾಗಿ ಕಾದು ಸುಸ್ತಾಗಿವೆ. ಕನ್ನಡ ಮಾಧ್ಯಮ ಉಳಿಯಲಿ ಎಂದು ಭಾಷಣ ಮಾಡುವವರು ಮೊದಲು ಈ ಕಡತ ತೆರೆಯಬೇಕು. ನಮ್ಮೂರಿನ ಅನುದಾನಿತ ಹೈಸ್ಕೂಲಿನಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು ಎಂದು ಕೇಳಿ ಬರೆ.

ಇಂತಿ,
ನಿನ್ನ ಅಕ್ಕ