ಕಾರಿನ ಇಸಿಯು, ಬೋರಿನ ಪ್ರಿವೆಂಟರು

ಇವತ್ತು ಟೊಮೆಟೊ ರೇಟು ಬಿಟ್ಟು ಕಾರಿನ ವಿಷಯ ಬರೀತಿದೀನಿ. ಕೊನೇ ತನಕ ಓದಿ, ನಮ್ಮ ಬೋರ್‌ವೆಲ್ಲಿಗೂ ಸಂಬಂಧ ಇದೆ.

ಕೆಜಿಎಫ್‌ನಲ್ಲಿರೋ ನಮ್ಮಕ್ಕನ ಮಗ ಹಳೇ ಟರ್ಬೊ ಪೆಟ್ರೋಲ್ ಕಾರಿಗೆ ದೊಡ್ಡ ಟರ್ಬೊ ಹಾಕಿಸಿದ್ದ. ಆಟೋಕ್ರಾಸ್‌ಗೆ ಮಾತ್ರ, ರೋಡಿಗಲ್ಲ. ಆರ್‌ಸಿಯಲ್ಲಿ ಇರೋದನ್ನ ಬದಲಾಯಿಸಿ ರೋಡಿಗಿಳಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡಲ್ಲ. ಗ್ಯಾರೇಜಿನವರು ಕಂಪನಿ ಇಸಿಯು ಹಾಗೇ ಬಿಟ್ಟು, ಮಧ್ಯೆ ಒಂದು ಪಿಗ್ಗಿಬ್ಯಾಕ್ ಡಬ್ಬಿ ಕೂರಿಸಿದ್ರು. ಎರಡೇ ತಿಂಗಳಿಗೆ ಪಿಸ್ಟನ್ ಕರಗಿತು. ಹೋದ ವಾರ ಬಂಗಾರಪೇಟೆಗೆ ಬಂದು, "ಮಾವಾ, ಹೊಸ ಇಸಿಯು ಹಾಕ್ಸಬೇಕು, ಸ್ವಲ್ಪ ದುಡ್ಡು ಕೊಡ್ತೀರಾ" ಅಂದ. ಕೈಯಲ್ಲಿದ್ದಿದ್ದು ಡ್ರಿಪ್ ಪೈಪಿಗೆ ಇಟ್ಟಿದ್ದ ದುಡ್ಡು.

ಬೈಯೋಣ ಅಂದ್ರೆ ಬಾಯಿ ಬರಲಿಲ್ಲ. ಒಂದು ಬೇಸಿಗೇಲಿ ಪ್ರಿವೆಂಟರ್ ಪದೇ ಪದೇ ಟ್ರಿಪ್ ಆಗ್ತಿದೆ ಅಂತ ಅದನ್ನ ಬೈಪಾಸ್ ಮಾಡಿ, ಎರಡು ಫೇಸಲ್ಲೇ ಮೋಟಾರ್ ಓಡಿಸಿ ವೈಂಡಿಂಗ್ ಸುಟ್ಟವನು ನಾನೇ. ಅವನ ಡಬ್ಬಿ ಮಾಡಿದ್ದೂ ಅದೇ ಕೆಲಸ. ಟರ್ಬೊ ಒತ್ತಡ ಜಾಸ್ತಿ ಇದ್ರೂ ಇಸಿಯುಗೆ ಕಮ್ಮಿ ಇದೆ ಅಂತ ಸುಳ್ಳು ಹೇಳ್ತು.

ಕೂತು ಲೆಕ್ಕ ಹಾಕಿದ್ವಿ. ಪೆಟ್ರೋಲಿಗೆ ಸರಿಯಾದ ಅಳತೆ 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದ ಲೆಕ್ಕ. ಟರ್ಬೊ ಪೂರ್ತಿ ಒತ್ತಿದಾಗ 12ರ ಆಸುಪಾಸು ಇರ್ಬೇಕು. ಅಲ್ಲಿ ಪೆಟ್ರೋಲ್ ಕಮ್ಮಿಯಾದ್ರೆ ಶಾಖ ಏರಿ ನಾಕಿಂಗ್ ಶುರು, ಆಮೇಲೆ ಪಿಸ್ಟನ್ ಹೋಯ್ತು ಅಂತ್ಲೇ ತಿಳ್ಕೊಳ್ಳಿ.

ದಾರಿ ಎರಡೇ. ಕಂಪನಿ ಟರ್ಬೊ ಇಟ್ಕೊಂಡು ಸ್ವಲ್ಪ ಪವರ್ ಸಾಕು ಅಂದ್ರೆ ಕಂಪನಿ ಇಸಿಯುನೇ ರೀಮ್ಯಾಪ್ ಮಾಡಿಸೋದು; ಎಸಿ, ಮೀಟರು ಎಲ್ಲಾ ಮೊದಲಿನ ಹಾಗೇ ನಡೀತವೆ. ಟರ್ಬೊ, ಇಂಜೆಕ್ಟರ್ ಎರಡೂ ಬದಲಾದ್ರೆ ಸ್ಟ್ಯಾಂಡ್‌ಅಲೋನ್. ಆಸ್ಟ್ರೇಲಿಯಾದ ಹಾಲ್ಟೆಕ್, ನ್ಯೂಜಿಲೆಂಡಿನ ಲಿಂಕ್ ಇವೆ, ನಾವೇ ಜೋಡಿಸ್ಕೊಳ್ಳೋ ಮೆಗಾಸ್ಕ್ವರ್ಟೂ ಇದೆ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್ ಆದ್ರೆ ಆ ಇಂಜೆಕ್ಟರ್ ನಡೆಸೋ ಶಕ್ತಿ ಇದೆಯಾ ಅಂತ ಮೊದ್ಲೇ ಕೇಳ್ಬೇಕು, ಎಲ್ಲಾ ಇಸಿಯುಗೂ ಇರಲ್ಲ.

ದುಡ್ಡು ಕೊಟ್ಟೆ, ಮೂರು ಷರತ್ತು ಹಾಕಿ. ನಾಕ್ ಸೆನ್ಸರೂ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರೂ ಇರ್ಬೇಕು. ಪೆಟ್ರೋಲ್ ಕಮ್ಮಿಯಾದ್ರೆ, ಆಯಿಲ್ ಪ್ರೆಷರ್ ಬಿದ್ರೆ ಇಸಿಯುನೇ ಇಂಜಿನ್ ಪವರ್ ಇಳಿಸ್ಬೇಕು. ಟ್ಯೂನ್ ಮಾಡೋನು ಡೈನೋ ಮೇಲೆ ಓಡಿಸಿದ ಲಾಗನ್ನ ತೆಗೆದು ತೋರಿಸ್ಬೇಕು. ತೋರಿಸದೇ ಇದ್ರೆ ಎಷ್ಟೇ ಕಮ್ಮಿ ರೇಟಾದ್ರೂ ವಾಪಸ್ ಬಾ ಅಂದೆ. "ಎಷ್ಟು ಹಾರ್ಸ್‌ಪವರ್ ಬರುತ್ತೆ ಅಂತ ಕೇಳ್ಲಿಲ್ವಲ್ಲ ಮಾವಾ" ಅಂದ. ಅದು ಕೊನೇ ಪ್ರಶ್ನೆ ಕಣೋ ಅಂದೆ.

ಡ್ರಿಪ್ ಪೈಪು ಮುಂದಿನ ಬೆಳೆಗೆ. ನೀವೂ ಇವತ್ತು ಮೇನ್ ಆಫ್ ಮಾಡಿ ಸ್ಟಾರ್ಟರ್ ಡಬ್ಬಿ ತೆಗೆದು ನೋಡಿ, ಪ್ರಿವೆಂಟರ್ ವೈರು ಅದರ ಜಾಗದಲ್ಲೇ ಇದೆಯಾ ಅಂತ.